ತೂಕ, ತೆರೆ, ತ್ರಾಣ

ಬರವಣಿಗೆಯ ಸಾಧನಗಳು ಬಹುಕಾಲದಿಂದಲೂ ಎರಡು ಜಾತಿಯಾಗಿವೆ. ಒಂದು, ನೆಟ್ಟ ಜಾಗದಲ್ಲಿಯೇ ನಿಲ್ಲುವಂಥದು. ಇನ್ನೊಂದು, ಬರೆಯುವವನ ಜೊತೆಯಲ್ಲಿ ನಡೆಯುವಂಥದು. ಶಾಸನವನ್ನು ಬರೆಸಿದವರು ಕಲ್ಲನ್ನು ದೇವಾಲಯದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಲ್ಲಿಸಿದರು. ಓದಬೇಕಾದವರು ಅದರ ಬಳಿಗೆ ಹೋದರು. ಕಲ್ಲಿಗೆ ಆಳೆತ್ತರದ ಮುಖವಿತ್ತು, ಅಕ್ಷರ ದಪ್ಪವಾಗಿತ್ತು, ಆದರೆ ಅದು ಕದಲುವಂತಿರಲಿಲ್ಲ. ಓಲೆಗರಿಯಾದರೋ ಕಟ್ಟುಕಟ್ಟಾಗಿ ಕಂಕುಳಲ್ಲಿ ಕುಳಿತು ಊರಿಂದ ಊರಿಗೆ ಹೋಯಿತು. ಅದಕ್ಕೆ ತೆತ್ತ ಬೆಲೆಯೆಂದರೆ ಕೆಲವೇ ಬೆರಳಗಲದ ಜಾಗ, ಒತ್ತೊತ್ತಾದ ಸಾಲು, ಕಣ್ಣಿಗೆ ಶ್ರಮ. ಹಿರಿದೂ ಆಗಿದ್ದು ಹಗುರವೂ ಆಗಿರುವ ಸಾಧನ ನಮ್ಮ ಹಿರಿಯರಿಗೆ ದೊರೆಯಲಿಲ್ಲ. ಇಂದಿನ ಲ್ಯಾಪ್‌ಟಾಪು ಅಂಥದೊಂದಾಗಬೇಕೆಂದು ಹೊರಟಿರುವ ಯಂತ್ರ. ಅದು ಎಷ್ಟರಮಟ್ಟಿಗೆ ಹಾಗಾಗಿದೆ, ಆಗದೆ ಉಳಿದೆಡೆಯಲ್ಲಿ ನಾವು ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕು ಎಂಬುದು ಈ ಭಾಷಣದ ವಿಷಯ.

ಕನ್ನಡದ ಅಧ್ಯಾಪಕನಾಗಿದ್ದವನಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನನ್ನ ಸಮಾಧಾನವಿಷ್ಟು: ನನ್ನ ಅಧ್ಯಾಪನದ ಬಹುಭಾಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ವಿದ್ಯಾರ್ಥಿಗಳ ನಡುವೆ ಕಳೆಯಿತು. ನಿವೃತ್ತನಾದ ಮೇಲೂ ಕಾಲೇಜುಗಳು ತೆರೆಯುವ ಕಾಲಕ್ಕೆ ಅವರಲ್ಲಿ ಒಬ್ಬರಲ್ಲ ಒಬ್ಬರು ಬಂದು, “ಸಾರ್, ಚಿಕ್ಕದು ತೆಗೆದುಕೊಳ್ಳಲೋ, ದೊಡ್ಡದು ತೆಗೆದುಕೊಳ್ಳಲೋ?” ಎಂದು ಕೇಳುತ್ತಾರೆ. ಅವರು ಕೇಳುವುದು ನೋಡುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಮಳೆಯನ್ನು ನಂಬಿದ ಮನೆಯಲ್ಲಿ ಮೆಕ್ಕೆಜೋಳದ ಒಂದು ಬೆಳೆಯ ಉಳಿತಾಯವೆಲ್ಲ ಆ ಒಂದು ಯಂತ್ರಕ್ಕೆ ಹೋಗುತ್ತದೆ. ಕೊಂಡದ್ದನ್ನು ಮೂರು ನಾಲ್ಕು ವರ್ಷ ಬದಲಾಯಿಸುವಂತಿಲ್ಲ. ಹೊರಲಾರದಷ್ಟು ಭಾರವಾದರೆ ಅದು ಬೀರುವಿನಲ್ಲಿ ಕುಳಿತುಬಿಡುತ್ತದೆ. ಓದಲಾರದಷ್ಟು ಚಿಕ್ಕದಾದರೆ ಹುಡುಗರು ಮತ್ತೆ ಸೈಬರ್ ಅಂಗಡಿಯ ಬಾಗಿಲಿಗೆ ಹೋಗುತ್ತಾರೆ. ಆದುದರಿಂದ ಈ ವಿಚಾರವನ್ನು ಸ್ವಲ್ಪ ಕ್ರಮವಾಗಿ ನೋಡುವುದು ಒಳ್ಳೆಯದು.

ಮೊದಲು ಹಿನ್ನೆಲೆ. ಒಯ್ಯಬಹುದಾದ ಗಣಕದ ಕಲ್ಪನೆಯನ್ನು ಸ್ಪಷ್ಟವಾಗಿ ಮುಂದಿಟ್ಟವರಲ್ಲಿ ಅಮೆರಿಕದ ಅಲನ್ ಕೇ ಪ್ರಮುಖರು. 1972ರ ಒಂದು ಪ್ರಬಂಧದಲ್ಲಿ ಅವರು ಮಕ್ಕಳಿಗಾಗಿ ‘ಡೈನಾಬುಕ್’ ಎಂಬ ಯಂತ್ರವನ್ನು ಚಿತ್ರಿಸಿದರು. ಅದು ನೋಟುಪುಸ್ತಕದ ಗಾತ್ರದ್ದಾಗಿರಬೇಕು, ನಾಲ್ಕು ಪೌಂಡಿಗಿಂತ, ಎಂದರೆ ಸುಮಾರು 1.8 ಕಿಲೋಗ್ರಾಮಿಗಿಂತ, ಹೆಚ್ಚು ತೂಗಬಾರದು ಎಂಬುದು ಅವರ ಆಶಯ. ಅಂದು ಅದು ಕನಸು. 1981ರಲ್ಲಿ ಮಾರುಕಟ್ಟೆಗೆ ಬಂದ ‘ಆಸ್ಬೋರ್ನ್ 1’ ಎಂಬ ಗಣಕ ಒಯ್ಯಬಹುದಾದದ್ದೆಂದು ಹೆಸರಾಯಿತು. ಅದರ ತೂಕ ಮಾತ್ರ ಸುಮಾರು 11 ಕಿಲೋ. ಹೊಲಿಗೆಯಂತ್ರದ ಪೆಟ್ಟಿಗೆಯಂತಿದ್ದ ಅದರ ತೆರೆ ಕೇವಲ 5 ಅಂಗುಲದ್ದು. ಒಂದು ಸಾಲಿನಲ್ಲಿ 52 ಅಕ್ಷರಗಳಷ್ಟೇ ಒಮ್ಮೆಗೆ ಕಾಣುತ್ತಿದ್ದವು. ಭಾರವೂ ಉಂಟು, ತೆರೆಯೂ ಕಿರಿದು; ಆದರೂ ಜನ ಅದನ್ನು ಕೊಂಡರು, ಏಕೆಂದರೆ ಅದಕ್ಕೆ ಮೊದಲು ಗಣಕವನ್ನು ಎತ್ತಿಕೊಂಡು ಹೋಗುವುದೇ ಅಪರೂಪವಾಗಿತ್ತು. ಇದನ್ನು ತಯಾರಿಸಿದ ಆಡಮ್ ಆಸ್ಬೋರ್ನ್ ಅವರ ಬಾಲ್ಯ ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ಆಶ್ರಮದ ಬಳಿ ಕಳೆಯಿತೆಂಬುದೂ, 2003ರಲ್ಲಿ ಕೊಡೈಕನಾಲಿನಲ್ಲಿ ಅವರು ತೀರಿಕೊಂಡರೆಂಬುದೂ ನಮಗೆ ಕುತೂಹಲದ ಸಂಗತಿ.

ಅಲ್ಲಿಂದ ಮುಂದೆ ತೂಕ ಇಳಿಯುತ್ತ ಬಂತು. 2007ರಲ್ಲಿ ಏಸಸ್ ಸಂಸ್ಥೆಯ ‘ಈ ಪಿಸಿ’ ಒಂದು ಕಿಲೋಗಿಂತ ಕಡಮೆ ತೂಕದಲ್ಲಿ ಬಂದಿತು. ಆದರೆ ಅದರ ತೆರೆ 7 ಅಂಗುಲ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಕಚೇರಿಯ ಲಕೋಟೆಯೊಂದರೊಳಗಿಂದ ‘ಮ್ಯಾಕ್‌ಬುಕ್ ಏರ್’ ಯಂತ್ರವನ್ನು ಹೊರತೆಗೆದು ತೋರಿಸಿದರು. ತೆರೆ 13.3 ಅಂಗುಲ, ತೂಕ 1.36 ಕಿಲೋ. ಅಲನ್ ಕೇ ಅವರ ಮಿತಿಯೊಳಗೆ ಯಂತ್ರ ಬಂದಿತ್ತು. ಆದರೆ ಅಷ್ಟು ತೆಳ್ಳಗಾಗುವುದಕ್ಕಾಗಿ ಅದು ಸಿ.ಡಿ. ಓದುವ ಸೌಲಭ್ಯವನ್ನು ಬಿಟ್ಟಿತ್ತು, ಹೊರಗಿನ ಸಾಧನಗಳನ್ನು ಜೋಡಿಸುವ ಕಿಂಡಿಗಳನ್ನು ಕಡಮೆ ಮಾಡಿಕೊಂಡಿತ್ತು, ಶಕ್ತಿಯಲ್ಲಿಯೂ ತನ್ನ ಜೊತೆಯ ದಪ್ಪ ಯಂತ್ರಗಳಿಗಿಂತ ಹಿಂದಿತ್ತು. ಏನನ್ನೂ ಬಿಡದೆ ಹಗುರವಾದ ಯಂತ್ರ ಅಂದೂ ಇರಲಿಲ್ಲ, ಇಂದೂ ಇಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಈ ದಿಕ್ಕಿನಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. 2004ರಲ್ಲಿ ಅದು ‘ಅಮಿಡ’ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂದಿತು. ಹಳ್ಳಿಯವರ ಕೈಗೆ ಅವರ ಭಾಷೆಯಲ್ಲಿಯೇ ಗಣಕ ಸಿಗಬೇಕೆಂಬುದು ಅದರ ಉದ್ದೇಶ. ಅಷ್ಟು ಸಣ್ಣ ತೆರೆಯಲ್ಲಿ ಹೆಚ್ಚು ಬರೆಹ ಹಿಡಿಸದೆಂಬುದನ್ನು ಬಲ್ಲ ಆ ವಿದ್ವಾಂಸರು ಕಣ್ಣಿನ ಕೆಲಸವನ್ನು ಕಿವಿಗೆ ಹಂಚಿದರು. ಕನ್ನಡ ಮೊದಲಾದ ಭಾಷೆಗಳ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಅದಕ್ಕಾಗಿ ಸಿದ್ಧವಾಯಿತು. ಯಂತ್ರ ವ್ಯಾಪಾರದಲ್ಲಿ ನಿಲ್ಲಲಿಲ್ಲ. ಆದರೂ ತೆರೆ ಕಿರಿದಾದರೆ ಅದಕ್ಕೆ ಬದಲಾಗಿ ಇನ್ನೇನನ್ನಾದರೂ ಒದಗಿಸಬೇಕು ಎಂಬ ವಿವೇಕ ಆ ಕೆಲಸದಲ್ಲಿತ್ತು.

ಈಗ ತೂಕ, ತೆರೆ, ತ್ರಾಣ ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಅಡಿಕೆ ಮಂಡಿಯಲ್ಲಿ ಮೂಟೆಯನ್ನು ತೂಗಿದ ಮೇಲೆ ಗೋಣಿಚೀಲದ ತೂಕವನ್ನು ಕಳೆಯುವುದು ವಾಡಿಕೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಇಲ್ಲಿ ಚೀಲವನ್ನು ಕೂಡಿಸಬೇಕು. ಅಂಗಡಿಯ ಚೀಟಿಯಲ್ಲಿ 1.7 ಕಿಲೋ ಎಂದಿದ್ದರೆ ಅದು ಬರಿಯ ಯಂತ್ರದ ತೂಕ. ಚಾರ್ಜರು, ಚೀಲ, ನೀರಿನ ಬಾಟಲಿ, ಬುತ್ತಿ, ಎರಡು ಪುಸ್ತಕ ಸೇರಿದರೆ ನಾಲ್ಕು ಕಿಲೋ ದಾಟುತ್ತದೆ. 2019ರಲ್ಲಿ ಕರ್ನಾಟಕ ಸರ್ಕಾರ ಶಾಲಾಮಕ್ಕಳ ಚೀಲಕ್ಕೆ ಮಿತಿ ಹಾಕಿದಾಗ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಗೊತ್ತುಮಾಡಿದ್ದು 4ರಿಂದ 5 ಕಿಲೋ. ಕಾಲೇಜಿನ ವಿದ್ಯಾರ್ಥಿಗೆ ಇಂಥ ಮಿತಿಯನ್ನು ಯಾರೂ ಹಾಕುವುದಿಲ್ಲ, ತಾನೇ ಹಾಕಿಕೊಳ್ಳಬೇಕು. ಸಾಮಾನ್ಯವಾಗಿ 14 ಅಂಗುಲದ ಯಂತ್ರ 1.3ರಿಂದ 1.5 ಕಿಲೋ, 15.6 ಅಂಗುಲದ್ದು 1.6ರಿಂದ 1.9 ಕಿಲೋ, ಆಟಗಳಿಗೆಂದೇ ಮಾಡಿದ ಬಲಿಷ್ಠ ಯಂತ್ರ 2.2 ಕಿಲೋಗೂ ಮಿಗಿಲು; ಈ ಕಡೆಯದರ ಚಾರ್ಜರೇ ಅರ್ಧ ಕಿಲೋ ಮೀರುವುದುಂಟು. ವ್ಯತ್ಯಾಸ ಕೈಯಲ್ಲಿ ಹಿಡಿದಾಗ ಅಲ್ಪ. ಆದರೆ ಅದನ್ನು ದಿನಕ್ಕೆರಡು ಬಾರಿ, ವರ್ಷಕ್ಕೆ ಇನ್ನೂರು ದಿನ, ಮೂರು ವರ್ಷ ಹೊರಬೇಕು.

ತೆರೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವುದು ಪದ್ಧತಿ. 14ಕ್ಕೂ 15.6ಕ್ಕೂ ಅಂತರ ಒಂದೂವರೆ ಅಂಗುಲವಷ್ಟೇ ಎಂದು ತೋರುತ್ತದೆ. ಆದರೆ ವಿಸ್ತೀರ್ಣದಲ್ಲಿ ದೊಡ್ಡದು ಸುಮಾರು ಶೇಕಡಾ 24ರಷ್ಟು ಹೆಚ್ಚು. ಇದನ್ನು ಕಾಗದದ ಲೆಕ್ಕದಲ್ಲಿ ಹೇಳುವುದಾದರೆ, ನಾವು ಅರ್ಜಿ ಬರೆಯುವ ಎ-ನಾಲ್ಕು ಹಾಳೆಯ ಅಗಲ 21 ಸೆಂಟಿಮೀಟರ್. 14 ಅಂಗುಲದ ತೆರೆಯ ಅಗಲ 31, 15.6 ಅಂಗುಲದ್ದು ಸುಮಾರು 34.5. ಹಾಳೆಯನ್ನು ಅದರ ನಿಜವಾದ ಅಗಲದಲ್ಲಿ ತೆರೆದರೆ ಪಕ್ಕದಲ್ಲಿ ಉಳಿಯುವುದು ಒಂದರಲ್ಲಿ 10 ಸೆಂಟಿಮೀಟರ್, ಇನ್ನೊಂದರಲ್ಲಿ 13.5. ಎರಡು ಹಾಳೆಗಳನ್ನು ಪೂರ್ಣ ಗಾತ್ರದಲ್ಲಿ ಅಕ್ಕಪಕ್ಕ ಇಟ್ಟು ಪಾಠಾಂತರಗಳನ್ನು ಹೋಲಿಸಬೇಕೆಂದರೆ 42 ಸೆಂಟಿಮೀಟರ್ ಬೇಕು. ಅದು ಈ ಎರಡರಲ್ಲಿಯೂ ಇಲ್ಲ.

ಕನ್ನಡದವರಿಗೆ ತೆರೆಯ ಮಾತು ಇನ್ನೂ ಒಂದು ಕಾರಣದಿಂದ ಮುಖ್ಯ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಪಕ್ಕಪಕ್ಕಕ್ಕೆ ನಡೆಯುತ್ತವೆ. ನಮ್ಮವು ಕೆಳಕ್ಕೂ ಇಳಿಯುತ್ತವೆ. ‘ಸ್ವಾತಂತ್ರ್ಯ’ ಎಂಬ ಪದದ ಕಡೆಯ ಅಕ್ಷರದಲ್ಲಿ ತಕಾರದ ಜೊತೆಗೆ ಎರಡು ಒತ್ತುಗಳಿವೆ. ‘ರಾಷ್ಟ್ರ’, ‘ಸ್ತ್ರೀ’ ಎಂಬುವೂ ಹಾಗೆಯೇ. ಅವಕ್ಕೆ ಸಾಲುಗಳ ನಡುವೆ ಹೆಚ್ಚು ಎಡೆ ಬೇಕು. ಆದುದರಿಂದ ಅಷ್ಟೇ ಎತ್ತರದ ತೆರೆಯಲ್ಲಿ ಇಂಗ್ಲಿಷಿಗಿಂತ ಕಡಮೆ ಸಾಲುಗಳು ಹಿಡಿಸುತ್ತವೆ. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೆರೆ. ಪ-ಫಗಳ ಭೇದ ಕೆಳಗಿನ ಒಂದು ಸಣ್ಣ ಸೀಳು. ಅಕ್ಷರ ಕಿರಿದಾದರೆ ಮೊದಲು ಮಾಯವಾಗುವುದು ಇವೇ. 1991ರಲ್ಲಿ ಯೂನಿಕೋಡ್ ಸಂಕೇತ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು, ಕೆ. ಪಿ. ರಾವ್ ಅವರಂಥವರ ದುಡಿಮೆಯಿಂದ ಕನ್ನಡದ ಕೀಲಿಮಣೆ ಸುಲಭವಾಯಿತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೂ ಶಾಲೆಗಳಿಗೂ ತಲಪಿತು. ಬರೆಯುವ ತೊಡಕು ಇಷ್ಟು ನೀಗಿದ ಮೇಲೆ ಓದುವಾಗ ಕಣ್ಣು ಕಿರಿದು ಮಾಡಬೇಕಾದರೆ ಅದು ನಷ್ಟವೇ ಸರಿ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ತೆರೆಯ ಗಾತ್ರ ಬೇರೆ, ಅದರ ಸ್ಫುಟತೆ ಬೇರೆ. ತೆರೆಯ ಮೇಲಿನ ಅಕ್ಷರ ಚುಕ್ಕೆಗಳಿಂದ ಆದದ್ದು, ರಂಗೋಲಿಯಂತೆ. ಅಡ್ಡಕ್ಕೆ 1366 ಚುಕ್ಕೆಗಳಿರುವ 15.6 ಅಂಗುಲದ ತೆರೆಯಲ್ಲಿ ಒಂದು ಅಂಗುಲಕ್ಕೆ ಬೀಳುವ ಚುಕ್ಕೆಗಳು ಸುಮಾರು 100. ಅಡ್ಡಕ್ಕೆ 1920 ಇರುವ 14 ಅಂಗುಲದ ತೆರೆಯಲ್ಲಿ ಸುಮಾರು 157. ಎರಡನೆಯದು ಚಿಕ್ಕದಾದರೂ ಒತ್ತಕ್ಷರಗಳನ್ನು ಸ್ವಚ್ಛವಾಗಿ ತೋರಿಸುತ್ತದೆ. ದೊಡ್ಡ ತೆರೆಯೆಂದು ಅಗ್ಗದ ಮಸುಕು ತೆರೆಯನ್ನು ಕೊಳ್ಳುವುದಕ್ಕಿಂತ ಸ್ಫುಟವಾದ ಮಧ್ಯಮ ತೆರೆ ಮೇಲು.

ಇನ್ನು ತ್ರಾಣ. ಗಣಕದ ಸಂಸ್ಕಾರಕ, ಎಂದರೆ ಪ್ರೊಸೆಸರ್, ವಿದ್ಯುತ್ತನ್ನು ಉಂಡು ಕೆಲಸ ಮಾಡುತ್ತದೆ. ಉಂಡದ್ದೆಲ್ಲ ಕಡೆಗೆ ಶಾಖವಾಗಿ ಹೊರಬೀಳುತ್ತದೆ. ತೆಳ್ಳಗಿನ ಯಂತ್ರಗಳಿಗೆಂದು ಮಾಡಿದ ಸಂಸ್ಕಾರಕಗಳು ಬಹಳವಾಗಿ 15 ವ್ಯಾಟಿನ ಆಸುಪಾಸಿನವು, ದಪ್ಪ ಯಂತ್ರಗಳವು 45 ವ್ಯಾಟಿನವು. ಹೆಚ್ಚು ಶಾಖವನ್ನು ಹೊರದೂಡಲು ತಾಮ್ರದ ಕೊಳವೆ ಬೇಕು, ಫ್ಯಾನು ಬೇಕು, ಗಾಳಿಯಾಡಲು ಎಡೆ ಬೇಕು; ಇವೆಲ್ಲ ತೂಕವೇ. ಬಲವಾದ ಸಂಸ್ಕಾರಕವನ್ನು ತೆಳ್ಳಗಿನ ಮೈಯಲ್ಲಿ ತುರುಕಿದರೆ ಅದು ಕೆಲವು ನಿಮಿಷ ಓಡಿ, ಮೈ ಕಾದೊಡನೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಚೀಟಿಯ ಮೇಲಿನ ಹೆಸರು ಹತ್ತಿರಹತ್ತಿರದ್ದಾದರೂ ಎರಡು ಯಂತ್ರಗಳು ಅರ್ಧ ಗಂಟೆಯ ಸತತ ದುಡಿಮೆಯಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಈಚಿನ ವರ್ಷಗಳಲ್ಲಿ, ವಿಶೇಷವಾಗಿ 2020ರಲ್ಲಿ ಆಪಲ್ ಸಂಸ್ಥೆಯ ‘ಎಂ1’ ಬಂದ ಮೇಲೆ, ಕಡಮೆ ಉಂಡು ಹೆಚ್ಚು ದುಡಿಯುವ ಸಂಸ್ಕಾರಕಗಳು ಬರುತ್ತಿವೆ. ಫ್ಯಾನೇ ಇಲ್ಲದ ಯಂತ್ರವೂ ಚುರುಕಾಗಿರಬಲ್ಲದೆಂದು ತೋರಿತು. ಬೆಲೆ ಮಾತ್ರ ಇನ್ನೂ ನಮ್ಮ ಹಳ್ಳಿಯ ಮನೆಗಳಿಗೆ ದೂರ.

ತ್ರಾಣಕ್ಕೆ ಹೊಂದಿಕೊಂಡದ್ದೇ ಬ್ಯಾಟರಿಯ ಮಾತು. ಅದರ ಕೊಳಗವನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. 50 ವ್ಯಾಟ್-ಗಂಟೆಯ ಬ್ಯಾಟರಿ ಸುಮಾರು ಕಾಲು ಕಿಲೋ ತೂಗುತ್ತದೆ. ಓದು ಬರೆಹಕ್ಕೆ ಯಂತ್ರ ಎಂಟು ಹತ್ತು ವ್ಯಾಟ್ ಉಂಡರೆ ಅದು ಐದಾರು ಗಂಟೆ ಬರುತ್ತದೆ. ನೂರು ವ್ಯಾಟ್ ಉಣ್ಣುವ ಕೆಲಸಕ್ಕೆ ಹಚ್ಚಿದರೆ ಅರ್ಧ ಗಂಟೆ. ದೊಡ್ಡ ತೆರೆಯ ಬೆಳಕೂ ಇದೇ ಕಣಜದಿಂದ ಉಣ್ಣುತ್ತದೆ. ತೆರೆ ಹೆಚ್ಚಿದರೆ ಬ್ಯಾಟರಿ ಹೆಚ್ಚಬೇಕು, ಬ್ಯಾಟರಿ ಹೆಚ್ಚಿದರೆ ತೂಕ ಹೆಚ್ಚುತ್ತದೆ.

ಈ ಮೂರರ ಜಗಳವನ್ನು ಬಿಡಿಸುವ ಒಂದೇ ಸೂತ್ರ ಎಲ್ಲರಿಗೂ ಹೊಂದದು. ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ಬದುಕಿನ ರೀತಿ ಒಂದಲ್ಲ.

ಚನ್ನಗಿರಿಯಲ್ಲಿ ಅಡಿಕೆಯ ವ್ಯಾಪಾರ ಮಾಡುವವರೊಬ್ಬರು ಲೆಕ್ಕಪತ್ರಕ್ಕಾಗಿ ಗಣಕ ಕೊಳ್ಳಬೇಕೆಂದಿಟ್ಟುಕೊಳ್ಳಿ. ಅದು ಗದ್ದುಗೆಯ ಪಕ್ಕದ ಮೇಜನ್ನು ಬಿಟ್ಟು ಕದಲುವುದಿಲ್ಲ. ಅವರಿಗೆ ಬೇಕಾದದ್ದು ಜಮಾ-ಖರ್ಚಿನ ಅಂಕಣಗಳೆಲ್ಲ ಒಮ್ಮೆಗೆ ಕಾಣುವಷ್ಟು ಅಗಲದ ತೆರೆ. ಅಂಥವರು ಲ್ಯಾಪ್‌ಟಾಪನ್ನೇ ಕೊಳ್ಳಬೇಕಾಗಿಲ್ಲ. ಅಷ್ಟೇ ಹಣಕ್ಕೆ ಮೇಜಿನ ಗಣಕ ದೊಡ್ಡ ತೆರೆಯನ್ನೂ ಹೆಚ್ಚು ತ್ರಾಣವನ್ನೂ ಕೊಡುತ್ತದೆ, ಒಂದು ಯು.ಪಿ.ಎಸ್. ಜೊತೆಗಿದ್ದರೆ ಸಾಕು. ಎಲ್ಲಿಗೂ ಒಯ್ಯದ ವಸ್ತುವಿನ ಹಗುರಕ್ಕೆ ಹಣ ತೆರುವುದು ವ್ಯರ್ಥ.

ಹೊನ್ನಾಳಿಯಲ್ಲಿ ಮದುವೆಯ ಚಿತ್ರಗಳನ್ನು ತೆಗೆದು ಜೋಡಿಸಿ ಕೊಡುವ ತರುಣನ ಮಾತು ಬೇರೆ. ಗಂಟೆಗಟ್ಟಲೆ ಚಿತ್ರಗಳನ್ನು ಕತ್ತರಿಸಿ ಕೂಡಿಸುವಾಗ ತೆಳ್ಳಗಿನ ಯಂತ್ರ ಏದುಸಿರು ಬಿಡುತ್ತದೆ. ಅವನಿಗೆ ತ್ರಾಣವೇ ಮೊದಲು, ತೆರೆ ಎರಡನೆಯದು, ತೂಕ ಕಡೆಯದು. ಕಲ್ಯಾಣಮಂಟಪಕ್ಕೆ ಅವನು ಹೇಗೂ ಇನ್ನಷ್ಟು ಸಾಮಾನುಗಳೊಡನೆ ವಾಹನದಲ್ಲಿಯೇ ಹೋಗುತ್ತಾನೆ.

ನ್ಯಾಮತಿಯಿಂದ ದಿನವೂ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವ ವಿದ್ಯಾರ್ಥಿನಿಯದು ಇದಕ್ಕೆ ಪೂರ್ತಿ ವಿರುದ್ಧ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳ ಪ್ರಯಾಣ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಯಿತು. ಓದನ್ನು ನಿಲ್ಲಿಸಬೇಕಾಗಿದ್ದ ಎಷ್ಟೋ ಮಕ್ಕಳಿಗೆ ಅದು ದಾರಿ ತೆರೆಯಿತು. ಬಸ್ಸು ತುಂಬಿದ ದಿನ ಆಕೆ ಒಂದು ಕೈಯಲ್ಲಿ ಕಂಬಿ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ನಿಂತೇ ಹೋಗಬೇಕು. ಆಕೆಗೆ 14 ಅಂಗುಲಕ್ಕೆ ಮೀರಿದ ಯಂತ್ರ ಬೇಡವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕಲಾ, ವಾಣಿಜ್ಯ ವಿಭಾಗಗಳ ಓದಿಗೆ ಅದರ ಸಾಮಾನ್ಯ ತ್ರಾಣ ಧಾರಾಳವಾಗಿ ಸಾಕು.

ಜಗಳೂರಿನ ಕಡೆ ಬಿಸಿಲೇ ಒಂದು ಪಕ್ಷವಾಗಿ ಬಂದು ನಿಲ್ಲುತ್ತದೆ. ಹಂಚಿನ ಅಥವಾ ತಗಡಿನ ಮನೆಯೊಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಯಂತ್ರದ ಶಾಖ ಹೊರಹೋಗಬೇಕಾದ ಗಾಳಿಯೇ ಕಾದಿರುತ್ತದೆ. ಬಲಿಷ್ಠ ಯಂತ್ರ ಅಲ್ಲಿ ತನ್ನ ಬಲವನ್ನು ತೋರಲಾರದು. ಕಾವಿನಲ್ಲಿ ಬ್ಯಾಟರಿಯ ಆಯುಷ್ಯವೂ ಬೇಗ ತೀರುತ್ತದೆ. ಕರೆಂಟು ಹೋದಾಗಲೂ ಮಾರನೆಯ ದಿನದ ಪಾಠವನ್ನು ಸಿದ್ಧಪಡಿಸಬೇಕಾದ ಶಿಕ್ಷಕರಿಗೆ ಕಡಮೆ ಉಣ್ಣುವ ಸಂಸ್ಕಾರಕವೂ ಹೆಚ್ಚು ಹೊತ್ತು ಬರುವ ಬ್ಯಾಟರಿಯೂ ಇರುವ ಯಂತ್ರವೇ ಹಿತ.

ಇಲ್ಲಿ ಸರ್ಕಾರದ ಕೊಡುಗೆಗಳನ್ನೂ ನೆನೆಯಬೇಕು. ಕರ್ನಾಟಕದ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮೊದಲು ಲ್ಯಾಪ್‌ಟಾಪುಗಳನ್ನು ಹಂಚಿದರು. 2021ರ ಜೂನಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಟ್ಯಾಬ್ಲೆಟ್‌ಗಳನ್ನು ಕೊಡುವ ಕಾರ್ಯ ಆರಂಭವಾಯಿತು. ಸಾಂಕ್ರಾಮಿಕದ ಆ ಕಾಲದಲ್ಲಿ ಮನೆಯಲ್ಲಿ ಕುಳಿತು ಪಾಠ ಕೇಳುವುದಕ್ಕೆ ಅದು ತಕ್ಕ ಸಾಧನವೇ ಆಗಿತ್ತು. ಆದರೆ ಎರಡನ್ನೂ ಬಳಸಿದ ವಿದ್ಯಾರ್ಥಿಗಳ ಬರವಣಿಗೆಯನ್ನು ನೋಡಿದ ನನಗೆ ತೋರಿದ್ದಿಷ್ಟು: ಕೇಳುವುದಕ್ಕೂ ಓದುವುದಕ್ಕೂ ಟ್ಯಾಬ್ಲೆಟ್ ಒಪ್ಪುತ್ತದೆ, ಇಪ್ಪತ್ತು ಪುಟದ ಸಂಪ್ರಬಂಧ ಬರೆಯುವುದಕ್ಕೆ ಒಪ್ಪುವುದಿಲ್ಲ. ಗಾಜಿನ ಮೇಲೆ ಬೆರಳಾಡಿಸಿ ಬರೆಯುವಾಗ ಕೀಲಿಮಣೆಯ ಚಿತ್ರವೇ ಅರ್ಧ ತೆರೆಯನ್ನು ನುಂಗುತ್ತದೆ. ಹಿಂದಿನ ಪ್ಯಾರಾ ಕಣ್ಣ ಮುಂದಿಲ್ಲದವನ ವಾದ ಮುಂದಿನ ಪ್ಯಾರಾದಲ್ಲಿ ದಾರಿ ತಪ್ಪುತ್ತದೆ. ವಿದ್ಯಾರ್ಥಿ ಎಷ್ಟು ದೀರ್ಘವಾಗಿ ಯೋಚಿಸಬಲ್ಲನೆಂಬುದಕ್ಕೂ ತೆರೆಯ ಎತ್ತರಕ್ಕೂ ಹೀಗೆ ಸಂಬಂಧವುಂಟು.

ಹಾಗಾದರೆ ಬರೆಯುವವನೂ ಆಗಿ ಹೊರುವವನೂ ಆದ ವಿದ್ಯಾರ್ಥಿಗೆ ಗತಿಯೇನು? ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳದು. ಅದು ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. ಚೀಲದಲ್ಲಿ ಒಯ್ಯಲು ಸಂಕ್ಷಿಪ್ತ ನಿಘಂಟು ಇದೆ. ಹಾಗೆಯೇ ಇಲ್ಲಿಯೂ ಎರಡನ್ನು ಒಂದರಲ್ಲಿಯೇ ಹುಡುಕದೆ ಬೇರ್ಪಡಿಸಬಹುದು. ಹಗುರವಾದ ಯಂತ್ರವನ್ನು ಕೊಂಡು, ಮನೆಯಲ್ಲಿ ಅದಕ್ಕೊಂದು ದೊಡ್ಡ ತೆರೆಯನ್ನು ತಂತಿಯಿಂದ ಜೋಡಿಸಬಹುದು. ಎಚ್.ಡಿ.ಎಂ.ಐ. ಕಿಂಡಿಯಿರುವ ಮನೆಯ ಟಿ.ವಿ.ಯೂ ಈ ಕೆಲಸಕ್ಕೆ ಒದಗುತ್ತದೆ. ತೆರೆಯನ್ನು ಹೊರಗಿನಿಂದ ಹೀಗೆ ಕೂಡಿಸಿಕೊಳ್ಳಬಹುದು. ಆದರೆ ಭಾರವಾದ ಯಂತ್ರದಿಂದ ಅರ್ಧ ಕಿಲೋವನ್ನು ಕಳೆಯುವ ಉಪಾಯ ಯಾರಲ್ಲಿಯೂ ಇಲ್ಲ. ಆದುದರಿಂದ ನನ್ನ ಕ್ರಮ ಇದು: ಮೊದಲು ದಾರಿಯನ್ನು ನೋಡಿ ತೂಕವನ್ನು ಗೊತ್ತುಮಾಡಬೇಕು, ಆ ತೂಕದೊಳಗೆ ಸಿಗುವ ಅತ್ಯಂತ ಸ್ಫುಟವಾದ ತೆರೆಯನ್ನು ಆರಿಸಬೇಕು, ತ್ರಾಣವನ್ನು ನಿಜವಾಗಿ ಮಾಡುವ ಕೆಲಸಕ್ಕೆ ತಕ್ಕಷ್ಟೇ ಕೊಳ್ಳಬೇಕು. ಎಂದಾದರೂ ಬೇಕಾದೀತೆಂದು ಕೊಂಡ ತ್ರಾಣವನ್ನು ಬೇಡವಾದ ದಿನಗಳಲ್ಲಿಯೂ ಹೊರಬೇಕಾಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು ಮೂರೇ. ಯಂತ್ರವನ್ನೂ ಚಾರ್ಜರನ್ನೂ ತಮ್ಮದೇ ಚೀಲದಲ್ಲಿ ಪುಸ್ತಕಗಳೊಡನೆ ಹಾಕಿಸಿ, ಹತ್ತು ನಿಮಿಷ ಹೆಗಲಲ್ಲಿಟ್ಟು ನಿಲ್ಲಬೇಕು. ಒತ್ತಕ್ಷರಗಳು ತುಂಬಿದ ಕನ್ನಡದ ಪುಟವೊಂದನ್ನು ತೆರೆದು, ಒಂದೂವರೆ ಅಡಿ ದೂರದಿಂದ ಓದಬೇಕು. ಅಂಗಡಿಯವರು ತೋರಿಸುವ ಬಣ್ಣದ ಚಿತ್ರ ಇದಕ್ಕೆ ಪ್ರಯೋಜನವಿಲ್ಲ. ನೆನಪಿನ ಭಾಗವನ್ನು, ಅಂದರೆ ರ್‍ಯಾಮನ್ನು, ಮುಂದೆ ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಬೇಕು. ತೀರ ತೆಳ್ಳಗಿನ ಎಷ್ಟೋ ಯಂತ್ರಗಳಲ್ಲಿ ಅದನ್ನು ಬೆಸೆದುಬಿಟ್ಟಿರುತ್ತಾರೆ, ಮೊದಲ ದಿನ ಕೊಂಡಷ್ಟೇ ಕಡೆಯವರೆಗೆ.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಇಂಥ ವಸ್ತುವನ್ನು ಕೊಳ್ಳುವ ದಿನ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವವರು ಸಾಮಾನ್ಯವಾಗಿ ತಂದೆ ಅಥವಾ ಅಣ್ಣ. ಹಣ ಕೊಡುವವರ ಕಣ್ಣಿಗೆ ದೊಡ್ಡ ಯಂತ್ರ ಹೆಚ್ಚು ಬೆಲೆಯದಾಗಿ ಕಾಣುವುದು ಸಹಜ. ಅದನ್ನು ನಾಳೆಯಿಂದ ಬಸ್ಸಿನಲ್ಲಿ ಹೊರುವವಳೂ, ರಾತ್ರಿ ಅದರ ಮುಂದೆ ಕುಳಿತು ಓದುವವಳೂ ಮಗಳು. ಆ ದಿನ ಅವಳನ್ನೂ ಅಂಗಡಿಗೆ ಕರೆದೊಯ್ದು, ಅವಳ ಹೆಗಲೂ ಅವಳ ಕಣ್ಣೂ ಒಪ್ಪಿದ್ದನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ.